ನಾಲ್ಕು ಎಂ.ಬಿ. ಜಾಗದ ಚರಿತ್ರೆ

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕವೇ ದಾಟಿತು. ಅಲ್ಲಿ ತಯಾರಾದ ಲೇಥುಗಳು ಮಾತ್ರ ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಗೇರ್ ಸವೆದರೆ ಗೇರ್ ಕಟಿಂಗ್ ಮಾಡಿಸಿ ಹೊಸದು ಹಾಕುತ್ತಾರೆ, ಬೇರಿಂಗ್ ಹೋದರೆ ಪೇಟೆಯಿಂದ ತರುತ್ತಾರೆ. ತನ್ನನ್ನು ಹೆತ್ತ ಕಂಪನಿ ಮುಚ್ಚಿಹೋಗಿದೆ ಎಂಬ ಸುದ್ದಿ ಆ ಯಂತ್ರಗಳಿಗೆ ಮುಟ್ಟಿಯೇ ಇಲ್ಲ.

ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ನಮ್ಮ ಮನೆಯಲ್ಲಿರುವ ಟಿ.ಪಿ. ಲಿಂಕ್ ಡಬ್ಲ್ಯೂ.ಆರ್. 740 ಎನ್ ಎಂಬ ವೈಫೈ ರೂಟರಿನ ಕತೆ ಬೇರೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡ ಬಿಳಿ ಡಬ್ಬಿ ಅದು, ದೀಪ ಇವತ್ತಿಗೂ ಹತ್ತುತ್ತದೆ. ಆದರೆ ಒಳಗಿನ ತಂತ್ರಾಂಶವನ್ನು ತಿದ್ದುವುದನ್ನು ಕಂಪನಿ ನಿಲ್ಲಿಸಿ ವರ್ಷಗಳಾದವು. ಡಬ್ಬಿಯನ್ನು ನಡೆಸುವ, ಅದರೊಳಗೇ ಬರೆದಿಟ್ಟ ಆ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದರಲ್ಲಿ ಹೊಸ ತೂತು ಕಂಡರೆ ಮುಚ್ಚುವವರಿಲ್ಲ. ಯಂತ್ರ ಗಟ್ಟಿಯಾಗಿದ್ದೂ ಅದನ್ನು ಎಸೆಯಬೇಕಾದ ಸ್ಥಿತಿ ಇದು. ಇದನ್ನು ಒಪ್ಪದ ಕೆಲವರು ಕಂಪನಿಯ ಫರ್ಮ್‌ವೇರನ್ನೇ ತೆಗೆದುಹಾಕಿ ತಾವು ಬರೆದದ್ದನ್ನು ತುಂಬಲು ಹೊರಟರು. ನನ್ನ ಮಟ್ಟಿಗೆ ಅದು ನಮ್ಮ ಕಾಲದ ದೊಡ್ಡ ರಿಪೇರಿ ಚಳವಳಿ.

ಅದು ಶುರುವಾದದ್ದು ಒಂದು ನೀಲಿ ಕಪ್ಪು ಡಬ್ಬಿಯಿಂದ. ಲಿಂಕ್‌ಸಿಸ್ ಕಂಪನಿ 2002ರ ಕೊನೆಯಲ್ಲಿ ಡಬ್ಲ್ಯೂ.ಆರ್.ಟಿ. 54 ಜಿ ಎಂಬ ರೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷದ ಮಾರ್ಚ್‌ನಲ್ಲಿ ಸಿಸ್ಕೊ, ಲಿಂಕ್‌ಸಿಸ್ಸನ್ನು ಸುಮಾರು 50 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಅದೇ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎನ್ನುವವರು ಈ ರೂಟರಿನ ಫರ್ಮ್‌ವೇರನ್ನು ಬಿಡಿಸಿ ನೋಡಿ, ಇದರೊಳಗೆ ಇರುವುದು ಲಿನಕ್ಸ್ ಎಂದು ಲಿನಕ್ಸ್ ಕರ್ನೆಲ್ ಬರೆಯುವವರಿಗೆ ತಿಳಿಸಿದರು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಆದರೆ ಜಿ.ಪಿ.ಎಲ್. ಎಂಬ ಅದರ ಪರವಾನಗಿಯ ಪ್ರಕಾರ, ಮಾರುವವರು ಅದರ ಮೂಲ ಸಂಕೇತವನ್ನೂ ಕೊಂಡವರಿಗೆ ಕೊಡಬೇಕು. ಲಿಂಕ್‌ಸಿಸ್ ಕೊಟ್ಟಿರಲಿಲ್ಲ. ಚಿಪ್ ಬ್ರಾಡ್‌ಕಾಮ್‌ನದು, ಫರ್ಮ್‌ವೇರ್ ಇನ್ನೊಂದು ಕಂಪನಿ ಬರೆದುಕೊಟ್ಟದ್ದು, ಡಬ್ಬಿಯ ಮೇಲಿನ ಹೆಸರು ಮತ್ತೊಬ್ಬರದು; ಕೇಳಿದರೆ ಯಾರನ್ನು ಕೇಳುವುದು? ಒತ್ತಡ ಬಿದ್ದ ಮೇಲೆ, ಕೆಲವೇ ತಿಂಗಳೊಳಗೆ ಸಂಕೇತ ಹೊರಬಂತು.

ಒಂದು ಪರವಾನಗಿಯ ಒಂದು ಷರತ್ತು ಇಷ್ಟು ದೂರ ನಡೆದದ್ದು ನನಗೆ ಇವತ್ತಿಗೂ ಸೋಜಿಗ. 2004ರ ಜನವರಿಯಲ್ಲಿ ಅದೇ ಸಂಕೇತದ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಕಟ್ಟಲು ಆರಂಭಿಸಿದರು. ಹೆಸರಿನಲ್ಲಿರುವ ‘ಡಬ್ಲ್ಯೂಆರ್‌ಟಿ’ ಆ ಡಬ್ಬಿಯ ನೆನಪೇ. ಸ್ವೀಸಾಫ್ಟ್ ಎಂಬವರು ತಮ್ಮ ಫರ್ಮ್‌ವೇರಿಗೆ ವರ್ಷಕ್ಕೆ 20 ಡಾಲರ್ ಚಂದಾ ಕೇಳಲು ತೊಡಗಿದಾಗ, ಜರ್ಮನಿಯ ಸೆಬಾಸ್ಟಿಯನ್ ಗಾಟ್‌ಷಾಲ್ ಅದರಿಂದಲೇ ಕವಲೊಡೆದು ಡಿಡಿ ಡಬ್ಲ್ಯೂಆರ್‌ಟಿ ಮಾಡಿದರು. ಡಿಡಿ ಎಂದರೆ ಡ್ರೆಸ್ಡೆನ್ ಊರಿನ ವಾಹನಗಳ ನಂಬರ್ ಪ್ಲೇಟಿನ ಅಕ್ಷರಗಳು. ನಮ್ಮೂರಲ್ಲಿ ಹುಟ್ಟಿದ್ದರೆ ಕೆಎ 17 ಡಬ್ಲ್ಯೂಆರ್‌ಟಿ ಆಗುತ್ತಿತ್ತು! 2006ರಲ್ಲಿ ಜೊನಾಥನ್ ಜರಾಟೆಯವರ ಟೊಮ್ಯಾಟೊ ಬಂತು. ಮನೆಯ ಇಂಟರ್ನೆಟ್ ಬಳಕೆಯನ್ನು ಅಂದವಾದ ಗ್ರಾಫಿನಲ್ಲಿ ತೋರಿಸಿದ್ದೇ ಅದರ ಹೆಚ್ಚುಗಾರಿಕೆ.

ಒಳಹೋಗಲು ಜನ ಹುಡುಕಿದ ದಾರಿಯೂ ಮಜವಾಗಿದೆ. ಆ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ‘ಪಿಂಗ್’ ಎಂಬ ಪರೀಕ್ಷೆ ಇತ್ತು. ವಿಳಾಸ ಬರೆಯುವ ಖಾನೆಯಲ್ಲಿ ವಿಳಾಸದ ಬದಲು ಲಿನಕ್ಸ್ ಆಜ್ಞೆ ಬರೆದರೆ ಡಬ್ಬಿ ತೆಪ್ಪಗೆ ಪಾಲಿಸುತ್ತಿತ್ತು. ಆ ತೂತಿನಿಂದಲೇ ಕೈಹಾಕಿ ‘ಬೂಟ್ ವೇಟ್’ ಎಂಬ ಆಯ್ಕೆಯನ್ನು ಚಾಲೂ ಮಾಡಿಕೊಳ್ಳುತ್ತಿದ್ದರು. ಆಮೇಲೆ ಡಬ್ಬಿ ಪ್ರತಿ ಸಲ ಏಳುವಾಗ ಕೆಲವು ಸೆಕೆಂಡು ಕಾದು, ಯಾರಾದರೂ ಹೊಸ ಫರ್ಮ್‌ವೇರ್ ಕೊಡುತ್ತಾರೇನೋ ಎಂದು ನೋಡುತ್ತಿತ್ತು. ಪ್ರಯೋಗ ಕೆಟ್ಟರೂ ಬದುಕಿಸಲು ಅಷ್ಟು ಸಮಯ ಸಾಕು.

ಕಂಪನಿ ಸುಮ್ಮನಿರಲಿಲ್ಲ. 2005ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಲಿನಕ್ಸ್ ಬಿಟ್ಟು ವಿಎಕ್ಸ್‌ವರ್ಕ್ಸ್ ಹಾಕಿತು. ಫ್ಲ್ಯಾಶ್ ಜಾಗವನ್ನು 4 ಎಂ.ಬಿ.ಯಿಂದ 2ಕ್ಕೆ, ರ್‍ಯಾಮನ್ನು 16ರಿಂದ 8ಕ್ಕೆ ಇಳಿಸಿತು. ಕೊಳ್ಳುವವರು ಗೊಣಗಿದರು. ಹಳೆಯ ಯಂತ್ರವನ್ನೇ ‘ಜಿಎಲ್’ ಎಂಬ ಹೆಸರಲ್ಲಿ ಮತ್ತೆ ತಂದರು. ಎಲ್ ಎಂದರೆ ಲಿನಕ್ಸ್. ಜಿ.ಪಿ.ಎಲ್. ತಕರಾರು ಅಷ್ಟಕ್ಕೇ ಮುಗಿಯಲಿಲ್ಲ. 2008ರ ಡಿಸೆಂಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೊ ಮೇಲೆ ದಾವೆ ಹೂಡಿತು, ಮರುವರ್ಷ ರಾಜಿಯಾಯಿತು.

ನಮ್ಮ ದೇಶದಲ್ಲಿ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗ ಹೊರಾಂಗಣಕ್ಕೆ ಲೈಸೆನ್ಸಿಲ್ಲದೆ ಸಿಕ್ಕಿದ್ದು 2005ರ ಜನವರಿ ಕೊನೆಯಲ್ಲಿ. ಒಂದೇ ತಿಂಗಳಲ್ಲಿ ಧರ್ಮಶಾಲಾದ ಏರ್‌ಜಾಲ್ದಿ ಬಳಗ, ಕಡಿಮೆ ಬೆಲೆಯ ರೂಟರುಗಳಿಗೆ ಹೊಸ ಫರ್ಮ್‌ವೇರ್ ತುಂಬಿ, ಮಳೆಗೆ ನೆನೆಯದ ಪೆಟ್ಟಿಗೆಯಲ್ಲಿಟ್ಟು, ಗುಡ್ಡದ ಮೇಲಿನ ಎಂಟು ಆವರಣಗಳನ್ನು ಜೋಡಿಸಿತು. ನಮ್ಮ ರಾಜ್ಯದಲ್ಲೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಊರವರದ್ದೇ ಎನ್ನಬಹುದಾದ ‘ಕೌಮೆಶ್’ ಜಾಲವನ್ನು ಕಟ್ಟಿದೆ.

ದಾವಣಗೆರೆಯ ಮನೆಗಳಿಗೆ ಮೊದಲು ಬಂದದ್ದು ಬಿ.ಎಸ್.ಎನ್.ಎಲ್.ನ ಬ್ರಾಡ್‌ಬ್ಯಾಂಡ್, ಫೋನಿನ ತಂತಿಯ ಮೇಲೆ. ಮೋಡೆಮನ್ನು ಬ್ರಿಡ್ಜ್ ಮಾಡಿ ಹಿಂದೆ ಸ್ವಂತ ರೂಟರ್ ಇಟ್ಟರೆ ಮಾತ್ರ ಈ ಆಟ. ನಮ್ಮ 740 ಎನ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ್ದು ಒಂದು ಭಾನುವಾರ ಬೆಳಿಗ್ಗೆ, ಯು.ಪಿ.ಎಸ್. ಜೋಡಿಸಿಕೊಂಡು. ಕಂಪನಿಯ ಪುಟದಲ್ಲೇ ಫೈಲ್ ಆರಿಸಿ ಗುಂಡಿ ಒತ್ತಿದರೆ ಮೂರು ನಾಲ್ಕು ನಿಮಿಷದ ಕೆಲಸ. ಆ ನಡುವೆ ಕರೆಂಟ್ ಹೋದರೆ ಡಬ್ಬಿ ಇಟ್ಟಿಗೆ. ಈ ಕೆಲಸ ಮಾಡುವವರು ಬಳಸುವ ಮಾತೂ ಅದೇ. ನಮ್ಮ ಬೇಸಿಗೆಯಲ್ಲಿ ಆ ನಾಲ್ಕು ನಿಮಿಷ ಸಣ್ಣದಲ್ಲ. ಅವ್ವ ಮಿಕ್ಸಿ ಹಾಕಲು ಬಂದಳು. ‘ಸ್ವಲ್ಪ ತಡಿಯವ್ವಾ’ ಅಂದೆ. ‘ಅದಕ್ಕೂ ಇದಕ್ಕೂ ಏನೋ ಸಂಬಂಧ?’ ಎಂದು ಕೇಳಿದ್ದಳು. ಇರಲಿಲ್ಲ, ಆದರೂ ತಡೆದಳು.

ಇದೆಲ್ಲ ಯಾಕೆ ಎನ್ನುವವರಿಗೆ 2017ರ ಜುಲೈ ನೆನಪಿಸಬಹುದು. ಕಾರ್ಖಾನೆಯಲ್ಲೇ ಇಟ್ಟ ಪಾಸ್‌ವರ್ಡ್ ಬದಲಿಸದ ಬಿ.ಎಸ್.ಎನ್.ಎಲ್. ಮೋಡೆಮುಗಳ ಮೇಲೆ ಮಾಲ್‌ವೇರ್ ದಾಳಿಯಾಗಿ, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆಯೇ ಗ್ರಾಹಕರನ್ನು ಕೇಳಿಕೊಳ್ಳಬೇಕಾಯಿತು. ಮೂಲೆಯಲ್ಲಿ ಧೂಳು ಹಿಡಿದು ಕೂತ ಡಬ್ಬಿಯೂ ಒಂದು ಕಂಪ್ಯೂಟರೇ ಎಂಬುದು ಅವತ್ತು ಬಹಳ ಮನೆಗಳಿಗೆ ಗೊತ್ತಾಯಿತು.

ಭದ್ರತೆಗಿಂತ ನನಗೆ ಹತ್ತಿರವಾದ ಲಾಭ ಸಿಕ್ಕಿದ್ದು ಲಾಕ್‌ಡೌನಿನಲ್ಲಿ. ಆ ಹೊತ್ತಿಗೆ ದೊಡ್ಡ ಜಾಗದ ಆರ್ಚರ್ ಸಿ 7 ತಂದಿದ್ದೆ. ಮಹಡಿಯ ಬಾಡಿಗೆಯ ಹುಡುಗರು ಪ್ರಾಜೆಕ್ಟ್ ಫೈಲ್ ಮೇಲೇರಿಸಿದರೆ ಕೆಳಗೆ ಮಗಳ ಕ್ಲಾಸಿನ ಮೇಷ್ಟ್ರ ದನಿ ತುಂಡಾಗುತ್ತಿತ್ತು. ವೇಗ ಸಾಲದೆ ಅಲ್ಲ, ಸಾಲು ಕೆಟ್ಟು. ಹಿಟ್ಟಿನ ಗಿರಣಿಯಲ್ಲಿ ಒಬ್ಬ ಹತ್ತು ಚೀಲ ಜೋಳ ತಂದು ನಿಂತರೆ, ಹಿಂದೆ ಒಂದು ಸೇರು ರಾಗಿ ಹಿಡಿದವಳು ಸಂಜೆವರೆಗೆ ಕಾಯಬೇಕು. ಜಿಮ್ ಗೆಟ್ಟಿಸ್ ಇದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ 2012ರಲ್ಲಿ ಒಂದು ಉಪಾಯ ಪ್ರಕಟಿಸಿದರು; ಅದನ್ನು ಬೆಳೆಸಿ ಸಿದ್ಧವಾದದ್ದು ಎಫ್‌ಕ್ಯೂ ಕೋಡೆಲ್. ಸರದಿಯ ಮೇಲೆ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಬೀಸುವ ಗಿರಣಿ ಅದು. ಡೇವ್ ಟಾಟ್ ಮತ್ತು ಗೆಳೆಯರು ಇದನ್ನು ಪರೀಕ್ಷಿಸಿದ್ದು ಓಪನ್‌ಡಬ್ಲ್ಯೂಆರ್‌ಟಿಯ ಕವಲಾದ ಸೆರೋಡಬ್ಲ್ಯೂಆರ್‌ಟಿಯಲ್ಲಿ, ಮಾಮೂಲಿ ಮನೆ ರೂಟರುಗಳ ಮೇಲೆ. ನಾನು ಮಾಡಿದ್ದು ಇಷ್ಟೆ: 40 ಎಂ.ಬಿ.ಪಿ.ಎಸ್. ಲೈನಿಗೆ 36 ಎಂದು ಮಿತಿ ಹಾಕಿ, ಸಾಲು ನಮ್ಮ ಡಬ್ಬಿಯಲ್ಲೇ ನಿಲ್ಲುವಂತೆ ಮಾಡಿದೆ. ಮೇಷ್ಟ್ರು ಪೂರ್ತಿ ವಾಕ್ಯದಲ್ಲಿ ಮಾತಾಡತೊಡಗಿದರು.

ವಿರೋಧಿಗಳ ವಾದವನ್ನೂ ಹೇಳಬೇಕು. ರೇಡಿಯೊ ಎಲ್ಲರ ಸ್ವತ್ತು. ಸಿಕ್ಕವರು ಶಕ್ತಿ ಏರಿಸಿದರೆ ಪಕ್ಕದವರಿಗೆ ತೊಂದರೆ. ನಮ್ಮಲ್ಲಿ 2005ರ ನಿಯಮವೇ ಆಂಟೆನಾದಿಂದ ಹೊರಡುವ ಶಕ್ತಿಗೆ 4 ವ್ಯಾಟ್ ಮಿತಿ ಇಟ್ಟಿದೆ. ಅಮೆರಿಕದ ಎಫ್.ಸಿ.ಸಿ. 2015ರಲ್ಲಿ ಡಿಡಿ ಡಬ್ಲ್ಯೂಆರ್‌ಟಿಯ ಹೆಸರು ಹಿಡಿದೇ, ಇದನ್ನು ಹೇಗೆ ತಡೆಯುತ್ತೀರಿ ಎಂದು ತಯಾರಕರನ್ನು ಕೇಳಿತು. ಗಲಾಟೆಯಾಗಿ ಆ ಸಾಲನ್ನು ತಿದ್ದಿತು. 2016ರ ಆಗಸ್ಟ್‌ನಲ್ಲಿ ಅದೇ ಆಯೋಗ ಟಿ.ಪಿ. ಲಿಂಕ್‌ಗೆ ಶಕ್ತಿಯ ಮಿತಿ ಮೀರಿದ್ದಕ್ಕೆ 2 ಲಕ್ಷ ಡಾಲರ್ ದಂಡ ಹಾಕಿತು. ಜೊತೆಗೆ, ಹೊರಗಿನವರ ಫರ್ಮ್‌ವೇರ್ ಹಾಕಲು ಅವಕಾಶವಾಗುವಂತೆ ಕೆಲಸ ಮಾಡುತ್ತೇವೆ ಎಂದು ಅದರಿಂದ ಒಪ್ಪಿಸಿತು. ರೇಡಿಯೊಗೆ ಬೀಗ, ಉಳಿದದ್ದಕ್ಕೆ ಕೀಲಿ. ನನಗೆ ಇದು ನ್ಯಾಯ ಎನ್ನಿಸುತ್ತದೆ.

740 ಎನ್ ವಿಷಯಕ್ಕೆ ಬಂದರೆ, ಅದರ ಫ್ಲ್ಯಾಶ್ 4 ಎಂ.ಬಿ., ರ್‍ಯಾಮ್ 32. ಲಿನಕ್ಸ್ ಕರ್ನೆಲ್ ದಪ್ಪವಾಗುತ್ತಾ ಬಂತು, ಡಬ್ಬಿ ಹಿಗ್ಗಲಿಲ್ಲ. ಓಪನ್‌ಡಬ್ಲ್ಯೂಆರ್‌ಟಿಯ 19.07 ಸರಣಿಯೇ ಇಂಥ ಯಂತ್ರಗಳಿಗೆ ಕೊನೆಯದು. ಅದರ ಕಡೆಯ ಬಿಡುಗಡೆ 2022ರಲ್ಲಿ ಆಯಿತು. ಕಂಪನಿ ಕೈಬಿಟ್ಟ ಮೇಲೆ ಅಪರಿಚಿತರು ಅದನ್ನು ವರ್ಷಗಟ್ಟಲೆ ನಡೆಸಿದರು, ಬಿಟ್ಟಿಯಾಗಿ.

ಈಗ ನಮ್ಮ ಬೀದಿಗೆ ಫೈಬರ್ ಬಂದಿದೆ. ಅದರೊಂದಿಗೆ ಬಂದ ಡಬ್ಬಿಯ ಸೆಟ್ಟಿಂಗ್ಸ್ ಪುಟಕ್ಕೆ ಪಾಸ್‌ವರ್ಡ್ ಕೇಳಿದಾಗ ಜೋಡಿಸಲು ಬಂದ ಹುಡುಗ, ‘ಅದನ್ನ ಕೊಡಂಗಿಲ್ಲ ಸರ್, ಡಬ್ಬಿ ಕಂಪ್ನೀದು, ಆಫೀಸಿನಿಂದಾನೇ ನೋಡ್ಕೋತಾರೆ’ ಎಂದ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ, ಮನೆಗೆ ಯಾವ ರೂಟರ್ ಇಡಬೇಕೆಂದು ಗ್ರಾಹಕರೇ ಆರಿಸುವ ಹಕ್ಕು ಕಾನೂನಿನಲ್ಲಿದೆ. ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ ನಾನು ಕಂಪನಿಯ ಡಬ್ಬಿಯ ವೈಫೈ ಆಫ್ ಮಾಡಿಸಿ, ಅದರ ಬೆನ್ನಿಗೆ ಆರ್ಚರನ್ನು ಒಂದು ಅಡಿ ಕೇಬಲಿನಿಂದ ಜೋಡಿಸಿದ್ದೇನೆ. ಆ ಒಂದು ಅಡಿಯ ಈಚೆಗೆ ಇರುವುದೆಲ್ಲ ನಮ್ಮದು.