ಬ್ಯಾಟರಿ ಕತೆ, ಭಾಗ 6: ಮೊದಲ ಮಾದರಿಯಲ್ಲೇ ಇದ್ದ ಪ್ಲಾಸ್ಟಿಕ್

(1/3)
ಹೋದ ವಾರದ ಕೋಬಾಲ್ಟ್ ಪೋಸ್ಟಿಗೆ ಬಂದ ಕಾಮೆಂಟುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಕೋಬಾಲ್ಟ್ ಇಲ್ದೆ ಬ್ಯಾಟರಿ ಮಾಡೋಕಾಗಲ್ವಾ?" ನ್ಯಾಯವಾದ ಪ್ರಶ್ನೆ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಕಾಂಗೋದಿಂದ. ಅಲ್ಲಿ ಕೈಯಲ್ಲೇ ಅಗೆಯೋ ಗಣಿಗಳಲ್ಲಿ ಮಕ್ಕಳೂ ದುಡೀತಾರೆ ಅಂತ ಓದಿದ್ಮೇಲೆ ಫೋನ್ ಹಿಡಿದ ಕೈಗೇ ಒಂಥರಾ ಆಗತ್ತೆ. ಕಬ್ಬಿಣದ ಬ್ಯಾಟರಿ ಇದೆ, ಅದು ಮುಂದಿನ ವಾರ. ಇವತ್ತು ಲೋಹವೇ ಬೇಡ ಅಂದವರ ಕತೆ.

ಬ್ಯಾಟರಿಯಲ್ಲಿ ಎರಡು ಎಲೆಕ್ಟ್ರೋಡ್ ಇರತ್ತೆ, ಹೈಸ್ಕೂಲಲ್ಲಿ ವಿದ್ಯುದ್ವಾರ ಅಂತ ಓದಿದ್ವಲ್ಲ, ಅದೇ. ಚಾರ್ಜ್ ಮಾಡುವಾಗ ಲಿಥಿಯಂ ಪ್ಲಸ್ ಕಡೆಯಿಂದ ಮೈನಸ್ ಕಡೆಗೆ ಹೋಗತ್ತೆ, ಬಳಸುವಾಗ ವಾಪಸ್ ಬರತ್ತೆ. ಈ ಎರಡು ಮನೆಗಳನ್ನ ಇಂಗಾಲ, ಹೈಡ್ರೋಜನ್, ಆಮ್ಲಜನಕ, ಸಾರಜನಕಗಳಿಂದ ಕೂಡಿದ ಸಾವಯವ ಅಣುಗಳಲ್ಲಿ ಕಟ್ಟಬಹುದಾ ಅನ್ನೋದೇ ವಿಷಯ. 1969ರಲ್ಲೇ ಅಮೆರಿಕದಲ್ಲಿ ಒಂದು ತಂಡ ಲಿಥಿಯಂ ಜೊತೆ ಡೈಕ್ಲೋರೋಐಸೋಸಯನ್ಯೂರಿಕ್ ಆಮ್ಲ ಇಟ್ಟು ನೋಡಿತ್ತು. ಹೆಸರು ನೋಡಿ ಹೆದರಬೇಡಿ, ಈಜುಕೊಳದ ನೀರಿಗೆ ಹಾಕ್ತಾರಲ್ಲ, ಆ ಕ್ಲೋರಿನ್ ಪುಡಿಯ ಜಾತಿ.

ನಿಜವಾದ ತಿರುವು ಬಂದಿದ್ದು ಒಂದು ತಪ್ಪಿನಿಂದ. 1967, ಟೋಕಿಯೋ. ಹಿದೆಕಿ ಶಿರಕಾವ ಅವರ ಪ್ರಯೋಗಾಲಯದಲ್ಲಿ ಪಾಲಿಅಸಿಟಿಲೀನ್ ಅನ್ನೋ ಪ್ಲಾಸ್ಟಿಕ್ ಮಾಡುವಾಗ ವೇಗವರ್ಧಕವನ್ನ ಸಾವಿರ ಪಟ್ಟು ಜಾಸ್ತಿ ಹಾಕಿಬಿಟ್ರು. ನಾವು ಟ್ಯಾಲಿಯಲ್ಲಿ ಮೂರು ಸೊನ್ನೆ ಜಾಸ್ತಿ ಒತ್ತಿದ್ರೆ ಬೈಗುಳ ಸಿಗತ್ತೆ. ಅವರಿಗೆ ಬೆಳ್ಳಿಯ ಹಾಗೆ ಹೊಳೆಯೋ ಹಾಳೆ ಸಿಕ್ತು! ಅಮೆರಿಕದ ಮ್ಯಾಕ್‌ಡಿಯರ್ಮಿಡ್, ಹೀಗರ್ ಇಬ್ಬರೂ ಶಿರಕಾವ ಜೊತೆ ಸೇರಿ ಅದಕ್ಕೆ ಅಯೋಡಿನ್ ಕೊಟ್ಟಾಗ ವಿದ್ಯುತ್ ಹರಿಯೋ ಸಾಮರ್ಥ್ಯ ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಕಟ, 2000ದಲ್ಲಿ ಮೂವರಿಗೂ ನೊಬೆಲ್.

(2/3)
ಈಗ ನನಗೆ ತುಂಬಾ ಇಷ್ಟವಾದ ಭಾಗ. ಜಪಾನಿನ ಅಸಾಹಿ ಕಸೇ ಕಂಪನಿಯ ಅಕಿರಾ ಯೋಶಿನೋ 1981ರಲ್ಲಿ ಇದೇ ಪಾಲಿಅಸಿಟಿಲೀನ್ ಹಿಡಿದು ಕೂತರು. ಬ್ಯಾಟರಿಯ ಮೈನಸ್ ಕಡೆಗೆ ಅದು ಸರಿಹೋಗತ್ತೆ ಅಂತ ಗೊತ್ತಾಯ್ತು. ಆದರೆ ಅದರೊಳಗೆ ಲಿಥಿಯಂ ಇಲ್ಲ. ಲಿಥಿಯಂ ತರೋ ಜೋಡಿ ಬೇಕಿತ್ತು.

1982ರ ಕೊನೆಯ ಕೆಲಸದ ದಿನ. ವರ್ಷಾಂತ್ಯದ ಕ್ಲೀನಿಂಗ್ ಮುಗಿಸಿ, ಓದದೇ ಬಿಟ್ಟಿದ್ದ ಒಂದು ಪ್ರಬಂಧ ತೆಗೆದ್ರು. ಆಕ್ಸ್‌ಫರ್ಡಿನಲ್ಲಿ ಗುಡ್‌ಇನಫ್ ತಂಡ 1980ರಲ್ಲಿ ಬರೆದದ್ದು, ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಗ್ಗೆ. ಬೇಕಾಗಿದ್ದ ಜೋಡಿ ಅಲ್ಲಿತ್ತು. 1983ರಲ್ಲಿ ಎರಡನ್ನೂ ಸೇರಿಸಿದ್ರು, ಕೆಲಸ ಮಾಡ್ತು.

ಅಂದ್ರೆ ನಮ್ಮೆಲ್ಲರ ಜೇಬಲ್ಲಿರೋ ಬ್ಯಾಟರಿಯ ಮೂಲ ಮಾದರಿಯಲ್ಲಿ ಒಂದು ಕಡೆ ಕೋಬಾಲ್ಟ್, ಇನ್ನೊಂದು ಕಡೆ ಪ್ಲಾಸ್ಟಿಕ್! ಇದು ಗೊತ್ತಾದ ದಿನ ನಾನು ಕಾಸ್ಟಿಂಗ್ ಓದೋದು ಬಿಟ್ಟು ರಾತ್ರಿಯಿಡೀ ಇದನ್ನೇ ಓದಿದೆ. (ಮರುದಿನದ ಟೆಸ್ಟ್ ಬಗ್ಗೆ ಕೇಳಬೇಡಿ.)

ಹಾಗಾದ್ರೆ ಆ ಪ್ಲಾಸ್ಟಿಕ್ ಎಲ್ಲಿ ಹೋಯ್ತು? ಬ್ಯಾಟರಿಯ ತೂಕ ಇಳೀತು, ಗಾತ್ರ ಇಳೀಲಿಲ್ಲ. ಹಗುರ ಪದಾರ್ಥ, ಹತ್ತಿ ಥರ ಜಾಗ ತಿನ್ನತ್ತೆ. ಕೈಯಲ್ಲಿ ಹಿಡಿಯೋ ವಿಡಿಯೋ ಕ್ಯಾಮೆರಾ ಮಾಡೋರಿಗೆ ಬೇಕಾಗಿದ್ದು ಚಿಕ್ಕ ಬ್ಯಾಟರಿ. ಮೇಲಾಗಿ ಪಾಲಿಅಸಿಟಿಲೀನ್ ಅಷ್ಟು ಬಾಳಿಕೆಯದ್ದೂ ಅಲ್ಲ. 1985ರ ಹೊತ್ತಿಗೆ ಯೋಶಿನೋ ಅದನ್ನ ಬಿಟ್ಟು ಇಂಗಾಲಕ್ಕೆ ಬಂದ್ರು. ಕೋಬಾಲ್ಟ್ ಹಾಗೇ ಉಳೀತು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂತು, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೂ ನೊಬೆಲ್.

ಯೋಶಿನೋ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಕ್ಯಾಮೆರಾದ ಅಳತೆಗೆ ಆ ತೀರ್ಮಾನ ಸರಿ. ಆದರೆ ಸೋಲಾರ್ ಕರೆಂಟ್ ಕೂಡಿಡೋಕೆ ಶೆಡ್ಡಲ್ಲಿಡೋ ಬ್ಯಾಟರಿ ಸ್ವಲ್ಪ ದಪ್ಪ ಇದ್ರೆ ಏನಂತೆ? ಅಲ್ಲಿ ಲೆಕ್ಕ ಬೇರೆ. ಒಂದು ಕಾಲದ ಗ್ರಾಹಕನಿಗೆ ಹಾಕಿದ ಕಾಸ್ಟ್ ಶೀಟನ್ನೇ ಎಲ್ಲದಕ್ಕೂ ಬಳಸ್ತಾ ಬಂದ್ವಿ ಅನ್ನೋದು ನನ್ನ ತಕರಾರು.

(3/3)
ಸಾವಯವ ಕಡೆಯವರು ಸುಮ್ಮನೆ ಕೂರಲಿಲ್ಲ. 1987ರಲ್ಲಿ ಟಯರ್ ಕಂಪನಿ ಬ್ರಿಜ್‌ಸ್ಟೋನ್ ಪಾಲಿಅನಿಲೀನ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಹಾಕಿದ ನಾಣ್ಯದಾಕಾರದ ಬ್ಯಾಟರಿ ಮಾರಿತು. ಬಹಳ ದಿನ ಓಡಲಿಲ್ಲ. 2012ರಲ್ಲಿ ಎನ್‌ಇಸಿ ಬರೀ 0.3 ಮಿಲಿಮೀಟರ್ ದಪ್ಪದ್ದನ್ನ ತೋರಿಸಿತು.

2008ರಲ್ಲಿ ಫ್ರಾನ್ಸಿನ ಆರ್ಮಂಡ್, ತಾರಾಸ್ಕೋನ್ ಮತ್ತು ಸಂಗಡಿಗರು ಗಿಡಮೂಲದ ಪದಾರ್ಥದಿಂದ ಎಲೆಕ್ಟ್ರೋಡ್ ಮಾಡಿದ್ರು. ಮೂಲ ಮಯೋ-ಇನೋಸಿಟಾಲ್, ಅದನ್ನ ಜೋಳದಲ್ಲಿರೋ ಫೈಟಿಕ್ ಆಮ್ಲದಿಂದ ತೆಗೀಬಹುದು. (ಅಕ್ಕಿ ತೌಡಲ್ಲೂ ಆ ಆಮ್ಲ ಇದೆ, ನಮ್ಮೂರಲ್ಲಿ ಹಸುವಿಗೆ ಹಾಕ್ತೀವಿ!) ಮರುವರ್ಷ ಆರ್ಮಂಡ್ ತಂಡ ಟೆರೆಥಾಲೇಟ್ ಲವಣವನ್ನ ಮೈನಸ್ ಕಡೆಗೆ ಬಳಸಿತು. ಪೆಟ್ ಬಾಟಲಿ ಆಗೋದು ಆ ಟೆರೆಥಾಲೇಟಿಂದಲೇ.

ಅಡ್ಡಿ ಏನು ಅಂದ್ರೆ, ಇಂಥ ಚಿಕ್ಕ ಅಣುಗಳಲ್ಲಿ ಬಹಳಷ್ಟು ಬ್ಯಾಟರಿಯೊಳಗಿನ ದ್ರವದಲ್ಲಿ ಚಹಾಕ್ಕೆ ಹಾಕಿದ ಸಕ್ಕರೆ ಹಾಗೆ ಕರಗಿಹೋಗ್ತವೆ. ಚಾರ್ಜ್ ಮಾಡ್ತಾ ಮಾಡ್ತಾ ಎಲೆಕ್ಟ್ರೋಡೇ ಸವೆಯತ್ತೆ. ಮೇಲಿಂದ ಕರೆಂಟ್ ಸರಿಯಾಗಿ ಹರಿಯಲ್ಲ ಅಂತ ಇಂಗಾಲದ ಪುಡಿ ಬೆರೆಸಬೇಕು. ಆಗ ಗಾತ್ರ ಮತ್ತೆ ಏರತ್ತೆ, ಅದೇ ಹಳೇ ಜಗಳ.

2024ರ ಜನವರಿಯಲ್ಲಿ ಎಂಐಟಿಯ ಡಿಂಕಾ ತಂಡ ಟಿಎಕ್ಯೂ ಅನ್ನೋ ಸಾವಯವ ಪದಾರ್ಥ ತೋರಿಸಿತು. ಅಣುಗಳು ಒಂದಕ್ಕೊಂದು ಅಂಟಿಕೊಂಡು ಪದರಪದರವಾಗಿ ಕೂರೋದರಿಂದ ಕರಗಲ್ಲ. 2,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಿದ್ರೂ ಹೆಚ್ಚೇನೂ ಹಾಳಾಗಲಿಲ್ಲ. ಮುಖ್ಯ ಅಂದ್ರೆ ಇದು ಪ್ಲಸ್ ಕಡೆಗೆ, ಕೋಬಾಲ್ಟ್ ಕೂತಿರೋ ಜಾಗಕ್ಕೇ. ಪೇಟೆಂಟಿನ ಲೈಸೆನ್ಸ್ ತಗೊಂಡಿದ್ದು ಯಾರು ಗೊತ್ತಾ? ಲ್ಯಾಂಬೋರ್ಗಿನಿ.

ಮುಂದಿನ ವಾರ ಕಬ್ಬಿಣ. ಕಾಸ್ಟಿಂಗ್ ನೋಟ್ಸ್ ಇರೋರು ದಯವಿಟ್ಟು ಮೆಸೇಜ್ ಮಾಡಿ 🙏
#ಬ್ಯಾಟರಿಕತೆ