ಸಿದ್ದಾಪುರದ ಮೇಲೆ ಸುರಿಯುವ ಹಿಮ

ಹಿಮಪಾತದ ಪಾಠ ನಡೆಯುವಾಗ ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ವಿದ್ಯಾರ್ಥಿಗಳಿಗೆ ಸಹಜವಾಗಿ ಬರುವ ಪ್ರಶ್ನೆ: "ನಮ್ಮಲ್ಲಿ ಹಿಮ ಏಕೆ ಬೀಳುವುದಿಲ್ಲ?" ‘ಇಲ್ಲಿ ಅಷ್ಟು ಚಳಿ ಇಲ್ಲ’ ಎಂದು ಹೇಳಿ ಶಿಕ್ಷಕರು ಮುಂದೆ ಹೋಗಬಹುದು. ಆದರೆ ಈ ಪ್ರಶ್ನೆಯ ಹಿಂದೆ ಸ್ವಾರಸ್ಯಕರವಾದ ಒಂದು ಇತಿಹಾಸವಿದೆ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಡಿಸೆಂಬರ್ ಬೆಳಗಿನಲ್ಲಿ ಅಡಿಕೆ ತೋಟವನ್ನು ಕವಿಯುವ ಮಂಜು ನೀರಿನ ಸೂಕ್ಷ್ಮ ಹನಿಗಳ ಸಮೂಹ. ಎಲೆಯ ಮೇಲಿನ ಇಬ್ಬನಿಯೂ ನೀರೇ. ಬೇಸಿಗೆಯ ಗುಡುಗು ಮಳೆಯಲ್ಲಿ ಬೀಳುವ ಆಲಿಕಲ್ಲು, ಮೋಡದೊಳಗೆ ಹನಿಗಳು ಪದರ ಪದರವಾಗಿ ಹೆಪ್ಪುಗಟ್ಟಿ ಬೆಳೆದ ಮಂಜುಗಡ್ಡೆ. ಹಿಮದ ಹರಳಾದರೋ ನೀರಾವಿಯು ದ್ರವವಾಗದೆ ನೇರವಾಗಿ ಘನರೂಪ ತಾಳಿ ಬೆಳೆಯುವಂಥದು. ಅದರ ಆರು ಮೂಲೆಗಳ ಆಕಾರ ಏಕೆಂದು 1611ರಲ್ಲೇ ಕೆಪ್ಲರ್ ಒಂದು ಕಿರುಹೊತ್ತಿಗೆ ಬರೆದಿದ್ದ.

ಚಳಿ ಮತ್ತು ತೇವ

ಬಿಸಿ ನಾಡಿನಲ್ಲೂ ಅಪರೂಪಕ್ಕೆ ಹಿಮ ಬೀಳುವುದುಂಟು. ಸಹಾರಾ ಮರುಭೂಮಿಯ ಅಂಚಿನಲ್ಲಿರುವ ಅಲ್ಜೀರಿಯದ ಐನ್ ಸೆಫ್ರಾ ಪಟ್ಟಣದಲ್ಲಿ 1979ರ ಫೆಬ್ರವರಿ 18ರಂದು ಸುಮಾರು ಅರ್ಧ ಗಂಟೆ ಹಿಮ ಸುರಿಯಿತು. 2016ರ ಡಿಸೆಂಬರಿನಲ್ಲಿ ಮತ್ತೆ ಬಿತ್ತು. ಸುಮಾರು 1,000 ಮೀಟರ್ ಎತ್ತರದ ಆ ಊರಿಗೆ ಉತ್ತರದ ಶೀತಗಾಳಿಯೂ ತೇವವೂ ಒಮ್ಮೆಗೇ ತಲುಪಿದ್ದವು.

ಸಿದ್ದಾಪುರದಲ್ಲಿ ಈ ಎರಡೂ ಕೂಡಿಬರುವುದಿಲ್ಲ. ಊರು ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮಧ್ಯ ಏಷ್ಯದ ಶೀತಗಾಳಿಯನ್ನು ಹಿಮಾಲಯ ತಡೆಯುತ್ತದೆ. ಚಳಿ ಇರುವ ಜನವರಿಯಲ್ಲಿ ಮಳೆಮೋಡಗಳಿರುವುದಿಲ್ಲ. ಮೋಡ ತುಂಬಿದ ಜುಲೈನಲ್ಲಿ ಚಳಿ ಸಾಲದು.

ಇದು ನೆಲಮಟ್ಟದ ಮಾತು. ಮೇಲಕ್ಕೆ ಹೋದಂತೆ ಉಷ್ಣತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುತ್ತದೆ. ನೆಲದ ಬಳಿ 30 ಡಿಗ್ರಿ ಇದ್ದರೆ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ ಸೊನ್ನೆ ಡಿಗ್ರಿ! ಅಲ್ಲಿಂದಾಚೆಗಿನ ಮೋಡದಲ್ಲಿ ಏನಿರುತ್ತದೆ?

ಊಹೆಯಿಂದ ಸಿದ್ಧಾಂತಕ್ಕೆ

ಬೇಸಿಗೆಯಲ್ಲಿ ನೆಲಕ್ಕೆ ಮಳೆಯಾಗಿ ಬರುವುದರಲ್ಲಿ ಬಹುಪಾಲು ಮೇಲಿನಿಂದ ಹೊರಟಾಗ ಹಿಮವಾಗಿದ್ದಿರಬಹುದೆಂದು ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಊಹಿಸಿದ. ಆದರೆ ಹಿಮಕ್ಕೂ ಮಳೆಗೂ ಇರುವ ಸಂಬಂಧ ಭೌತಶಾಸ್ತ್ರದ ನೆಲೆಯಲ್ಲಿ ತಿಳಿದದ್ದು ಬಹಳ ತಡವಾಗಿ.

1922ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಹವಾ ವಿಜ್ಞಾನಿ ಟೋರ್ ಬರ್ಗೆರಾನ್ ಇಂದಿನ ಓಸ್ಲೊ ನಗರದ ಬಳಿಯ ಗುಡ್ಡದಲ್ಲಿ ತಂಗಿದ್ದ. ಉಷ್ಣತೆ ಸೊನ್ನೆಗಿಂತ ಮೇಲಿದ್ದಾಗ ಮಂಜು ಕಾಡುದಾರಿಯ ನೆಲದವರೆಗೂ ಇಳಿಯುತ್ತಿತ್ತು. ಸೊನ್ನೆಗಿಂತ 5ರಿಂದ 10 ಡಿಗ್ರಿ ಕೆಳಗಿದ್ದಾಗ ಮಾತ್ರ ದಾರಿ ತಿಳಿಯಾಗಿರುತ್ತಿತ್ತು. ಮರಗಳಿಗೆ ಅಂಟಿದ ಹಿಮವು ಗಾಳಿಯ ಆವಿಯನ್ನು ಹೀರುತ್ತಿರಬೇಕು, ಅದರಿಂದಲೇ ಮಂಜಿನ ಹನಿಗಳು ಆರಿಹೋಗುತ್ತಿರಬೇಕು ಎಂದು ಅವನಿಗೆ ಹೊಳೆಯಿತು.

ಕಾರಣ ಸರಳ. ಮೋಡದ ಸೂಕ್ಷ್ಮ ಹನಿಗಳು ಸೊನ್ನೆ ಡಿಗ್ರಿಗೆ ಒಮ್ಮೆಲೇ ಹೆಪ್ಪುಗಟ್ಟುವುದಿಲ್ಲ. ಅದಕ್ಕಿಂತ ಬಹಳ ಕೆಳಗೂ ‘ಅತಿಶೀತ ನೀರಾ’ಗಿಯೇ ಉಳಿಯಬಲ್ಲವು. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಂಥ ನೀರಿನ ಮೇಲೆ ಪರ್ಯಾಪ್ತ ಆವಿಯ ಒತ್ತಡ ಸುಮಾರು 2.86 ಹೆಕ್ಟೊಪಾಸ್ಕಲ್, ಮಂಜುಗಡ್ಡೆಯ ಮೇಲೆ 2.60. ಹೀಗಾಗಿ ಎರಡೂ ಒಟ್ಟಿಗಿದ್ದರೆ ಹನಿ ಕರಗುತ್ತ ಹೋಗುತ್ತದೆ, ಹಿಮದ ಹರಳು ಕೊಬ್ಬುತ್ತದೆ. 1911ರಲ್ಲಿ ಆಲ್ಫ್ರೆಡ್ ವೆಗನರ್ ಈ ಸಾಧ್ಯತೆಯನ್ನು ಸೂಚಿಸಿದ್ದ. ಭೂಖಂಡಗಳ ಅಲೆತವನ್ನು ಪ್ರತಿಪಾದಿಸಿದವನೂ ಅವನೇ. ಬರ್ಗೆರಾನ್ 1933ರಲ್ಲಿ ಇದನ್ನು ಮಳೆಯ ಸಿದ್ಧಾಂತವಾಗಿ ಮಂಡಿಸಿದ. 1938ರಲ್ಲಿ ವಾಲ್ಟರ್ ಫಿಂಡೈಸೆನ್ ಅದನ್ನು ವಿಸ್ತರಿಸಿದ.

ನಮ್ಮ ಮೋಡಗಳ ಸಾಕ್ಷಿ

ದೊಡ್ಡ ಹನಿಯ ಮಳೆಯೆಲ್ಲ ಹಿಮದಿಂದಲೇ ಎಂಬುದು ಬರ್ಗೆರಾನನ ನಿಲುವು. ಶೀತದೇಶಗಳಿಗೆ ಅದು ಬಹುಮಟ್ಟಿಗೆ ಹೊಂದಿತು. ಆದರೆ ಸೊನ್ನೆ ಡಿಗ್ರಿಯ ಎತ್ತರವನ್ನು ಮುಟ್ಟದ ಮೋಡಗಳೂ ಉಷ್ಣವಲಯದಲ್ಲಿ ಮಳೆ ಸುರಿಸುವುದನ್ನು ವಿಮಾನ ಚಾಲಕರು ಕಂಡರು. ಇಲ್ಲಿ ಹನಿಗಳು ಪರಸ್ಪರ ಡಿಕ್ಕಿ ಹೊಡೆದು ಕೂಡಿಕೊಂಡು ದೊಡ್ಡವಾಗುತ್ತವೆ. 0.02 ಮಿಲಿಮೀಟರ್ ವ್ಯಾಸದ ಹತ್ತು ಲಕ್ಷ ಹನಿಗಳು ಸೇರಿದರೆ 2 ಮಿಲಿಮೀಟರ್ ವ್ಯಾಸದ ಒಂದು ಮಳೆಹನಿ. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಲಿ.

ಸಿದ್ದಾಪುರದ ಆಕಾಶದಲ್ಲಿ ಎರಡು ಬಗೆಯೂ ಉಂಟು. ಏಪ್ರಿಲ್–ಮೇ ತಿಂಗಳ ಗುಡುಗು ಮೋಡಗಳು 10 ಕಿಲೋಮೀಟರಿಗೂ ಮೇಲೇರುತ್ತವೆ. ಅವುಗಳ ಮೇಲ್ಭಾಗದಲ್ಲಿ ಹಿಮದ ಹರಳುಗಳಿರುತ್ತವೆ. ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಇಳಿಯುವ ಹಿಮ, ಸೊನ್ನೆ ಡಿಗ್ರಿಯ ಮಟ್ಟ ದಾಟಿದ ಕೆಲವು ನೂರು ಮೀಟರುಗಳಲ್ಲೇ ಕರಗಿ ಮಳೆಹನಿಯಾಗುತ್ತದೆ. ಹೀಗೆ ಕರಗುವ ಪದರ ರೇಡಾರಿನಲ್ಲಿ ಪ್ರಕಾಶಮಾನವಾದ ಪಟ್ಟಿಯಾಗಿ ಕಾಣಬಲ್ಲದು. ಜುಲೈ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ಬಂದು ಘಟ್ಟವೇರುವ ತಗ್ಗಿನ ಮೋಡಗಳ ಮಳೆಯಾದರೆ ಹೆಚ್ಚಾಗಿ ಹನಿಗಳ ಕೂಡುವಿಕೆಯಿಂದಲೇ ಆದದ್ದು.

ಮೋಡ ಬಿತ್ತನೆಗೆ ಇರುವ ನಂಟು

ಈ ಭೇದ ಬರಿಯ ಕುತೂಹಲದ ಸಂಗತಿಯಲ್ಲ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ವಿಮಾನದಿಂದ ಅತಿಶೀತ ಮೋಡಕ್ಕೆ ಘನ ಇಂಗಾಲದ ಡೈಆಕ್ಸೈಡ್ ಎರಚಿ ಹಿಮ ಸುರಿಸಿದ. ಅದೇ ವರ್ಷ ಬರ್ನಾರ್ಡ್ ವೊನೆಗಟ್, ಮಂಜುಗಡ್ಡೆಯನ್ನು ಹೋಲುವ ಹರಳಿನ ರಚನೆಯುಳ್ಳ ಸಿಲ್ವರ್ ಅಯೊಡೈಡ್ ಅದೇ ಕೆಲಸ ಮಾಡುತ್ತದೆಂದು ತೋರಿಸಿದ. ಮೋಡದಲ್ಲಿ ಅತಿಶೀತ ನೀರಿದ್ದರೆ ಮಾತ್ರ ಸಿಲ್ವರ್ ಅಯೊಡೈಡ್‌ಗೆ ಕೆಲಸ. ತಗ್ಗಿನ ಬೆಚ್ಚನೆಯ ಮೋಡಕ್ಕೆ ತೇವ ಹೀರುವ ಲವಣದ ಕಣಗಳು ಬೇಕು. ಕರ್ನಾಟಕದಲ್ಲಿ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಹೆಸರಿನಲ್ಲಿ ಮೋಡ ಬಿತ್ತನೆ ನಡೆಯಿತು. ಸಾರ್ವಜನಿಕರ ಹಣ ವ್ಯಯವಾಗುವ ಇಂಥ ಯೋಜನೆಯ ಸುದ್ದಿ ಓದಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: ಬಿತ್ತಿದ ಮೋಡ ಯಾವ ಬಗೆಯದು? ಎರಡನೆಯದು: ಬಿತ್ತದಿದ್ದರೂ ಅದು ಸುರಿಯುತ್ತಿತ್ತೇ?

ಕೊನೆಗೊಂದು ಪ್ರಯೋಗ. ಸ್ಟೀಲ್ ಲೋಟದಲ್ಲಿ ಮೂರು ಪಾಲು ಪುಡಿಮಾಡಿದ ಮಂಜುಗಡ್ಡೆಗೆ ಒಂದು ಪಾಲು ಅಡಿಗೆ ಉಪ್ಪು ಬೆರೆಸಿ ಕಲಕಿ. ಉಷ್ಣತೆ ಸೊನ್ನೆಗಿಂತ ಸಾಕಷ್ಟು ಕೆಳಗಿಳಿಯುತ್ತದೆ. ಲೋಟದ ಹೊರಮೈಯಲ್ಲಿ ಮೊದಲು ತೇವ ಕಾಣಿಸಿ ಹೆಪ್ಪುಗಟ್ಟಬಹುದು. ಬಳಿಕ ಬಿಳಿಯ ಹಿಮಪದರ ಬೆಳೆಯುತ್ತದೆ. ಭೂತಗನ್ನಡಿಯಲ್ಲಿ ಅದನ್ನು ನೋಡಿ. ಬರ್ಗೆರಾನ್ ಕಂಡ ಮರಗಳಂತೆ ಆ ಪದರವೂ ತರಗತಿಯ ಗಾಳಿಯಿಂದಲೇ ಆವಿಯನ್ನು ಹೀರುತ್ತಿರುತ್ತದೆ.