ಲಕ್ಷ ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪ್: ಪರದೆ ಮಾತ್ರ ಏಕೆ ಕಳಪೆ?

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದರಲ್ಲಿರುವ ಗ್ರಾಫಿಕ್ಸ್ ಚಿಪ್ ಯಾವುದು ಎಂಬುದನ್ನು. ಅನಂತರ ಪ್ರೊಸೆಸರ್, ಮೆಮೊರಿಗಳ ಸರದಿ. ಪರದೆಯ ಮಾತು ಬರುವ ವೇಳೆಗೆ ವ್ಯವಹಾರ ಬಹುತೇಕ ಕುದುರಿರುತ್ತದೆ. ಚಿಪ್ ಎಷ್ಟೇ ಬಲಶಾಲಿಯಾಗಿದ್ದರೂ ಅದರ ಶ್ರಮವೆಲ್ಲ ಕಣ್ಣಿಗೆ ತಲುಪುವುದು ಪರದೆಯ ಮೂಲಕವೇ ಎಂಬ ಸರಳ ಸಂಗತಿ ನೆನಪಾಗುವುದು ಯಂತ್ರವನ್ನು ಮನೆಗೆ ತಂದ ಮೇಲೆ. ಮಸುಕಾದ ಬಣ್ಣ, ಕತ್ತಲ ದೃಶ್ಯದಲ್ಲಿ ಅಂಚಿನಿಂದ ಸೋರುವ ಬೆಳಕು, ವೇಗವಾಗಿ ಓಡುವ ಪಾತ್ರದ ಹಿಂದೆ ಎಳೆದಂತೆ ಕಾಣುವ ನೆರಳು, ನಡುವೆ ಎಲ್ಲೋ ಸತ್ತು ಕುಳಿತ ಒಂದು ಚುಕ್ಕೆ - ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಇವು ಸಾಮಾನ್ಯ.

ಇವುಗಳಲ್ಲಿ ಕೆಲವು ನಿಜವಾದ ದೋಷಗಳು. ಕೆಲವು ಆಯಾ ತಂತ್ರಜ್ಞಾನದ ಹುಟ್ಟುಗುಣ. ಇನ್ನು ಕೆಲವು ಉತ್ಪಾದಕರು ತಿಳಿದೇ ಮಾಡಿದ ಉಳಿತಾಯದ ಫಲ. ಈ ಮೂರರ ವ್ಯತ್ಯಾಸ ತಿಳಿಯದ ಗ್ರಾಹಕನಿಗೆ ಸೇವಾ ಕೇಂದ್ರದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ 'ಇದು ಮಿತಿಯೊಳಗೇ ಇದೆ' ಎಂಬುದು. ಆ ಮಿತಿಯನ್ನು ಯಾರು ಗೊತ್ತುಪಡಿಸಿದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಬ್ಲೇಡ್‌ನ ಕಥೆ:

ಈ ಸಮಸ್ಯೆಗೆ ಪ್ರಸಿದ್ಧ ಉದಾಹರಣೆಯಾಗಿ ನಿಲ್ಲುವುದು 2013ರ 14 ಇಂಚಿನ ರೇಜರ್ ಬ್ಲೇಡ್. ಗೇಮಿಂಗ್ ಮೌಸ್ ಮತ್ತು ಕೀಬೋರ್ಡ್‌ಗಳಿಗೆ ಹೆಸರಾದ ರೇಜರ್ ಕಂಪನಿ ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಈ ಲ್ಯಾಪ್‌ಟಾಪನ್ನು ಪ್ರಕಟಿಸಿತು. ದಪ್ಪ 17 ಮಿಲಿಮೀಟರ್‌ಗೂ ಕಡಿಮೆ. ಕಪ್ಪು ಅಲ್ಯುಮಿನಿಯಂ ಕವಚ, ಇಂಟೆಲ್‌ನ ಕೋರ್ ಐ7 ಪ್ರೊಸೆಸರ್, ಎನ್‌ವಿಡಿಯಾದ ಜಿಟಿಎಕ್ಸ್ 765ಎಂ ಗ್ರಾಫಿಕ್ಸ್ ಚಿಪ್. ಆರಂಭಿಕ ಬೆಲೆ ಸುಮಾರು 1,800 ಡಾಲರ್, ಅಂದರೆ ಅಂದಿನ ವಿನಿಮಯ ದರದಲ್ಲಿ ಸರಿಸುಮಾರು ಒಂದು ಲಕ್ಷ ರೂಪಾಯಿ. ಅಷ್ಟು ತೆಳುವಾದ ಯಂತ್ರದಲ್ಲಿ ಅಷ್ಟು ಶಕ್ತಿಯನ್ನು ತುಂಬಿದ್ದನ್ನು ವಿಮರ್ಶಕರು ಮೆಚ್ಚಿಕೊಂಡರು. ಮುಚ್ಚಳ ತೆರೆದೊಡನೆ ಮೆಚ್ಚುಗೆ ಇಳಿಯಿತು.

ಆ ಪರದೆಯಲ್ಲಿದ್ದುದು 1600×900 ಪಿಕ್ಸೆಲ್, ಅಂದರೆ ಒಟ್ಟು 14.4 ಲಕ್ಷ. ಅದೇ ವರ್ಷ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನಿನ ಐದು ಇಂಚಿನ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿದ್ದವು! ಆದರೆ ಪಿಕ್ಸೆಲ್ ಸಂಖ್ಯೆಯ ಮಟ್ಟಿಗೆ ಕಂಪನಿಯ ಆಯ್ಕೆಯನ್ನು ಸಮರ್ಥಿಸಿಕೊಳ್ಳಬಹುದಿತ್ತು. ಪಿಕ್ಸೆಲ್‌ಗಳು ಹೆಚ್ಚಿದಷ್ಟೂ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೆಚ್ಚು. 765ಎಂ ಚಿಪ್‌ನ ಸಾಮರ್ಥ್ಯಕ್ಕೆ 1600×900 ಸರಿಯಾಗಿ ಹೊಂದುವಂತಿತ್ತು. ಸಮರ್ಥನೆಗೆ ಸಿಗದಿದ್ದುದು ಪರದೆಯ ಜಾತಿ. ಅದು ಟಿಎನ್ ಬಗೆಯದು. ಮುಚ್ಚಳದ ಕೋನ ಸ್ವಲ್ಪ ಬದಲಾದರೂ ಬಣ್ಣಗಳು ಬಿಳಿಚಿಕೊಳ್ಳುತ್ತಿದ್ದವು, ಕಪ್ಪು ಬೂದಿಯಾಗುತ್ತಿತ್ತು.

ಟಿಎನ್ ಎಂದರೆ 'ಟ್ವಿಸ್ಟೆಡ್ ನೆಮ್ಯಾಟಿಕ್'. ದ್ರವ ಸ್ಫಟಿಕದ ಅಣುಗಳನ್ನು ತಿರುಚಿ, ವಿದ್ಯುತ್ತಿನಿಂದ ಆ ತಿರುಚನ್ನು ಬಿಡಿಸಿ, ಬೆಳಕನ್ನು ಬಿಡುವ ಅಥವಾ ತಡೆಯುವ ವಿಧಾನವಿದು. 1970ರಲ್ಲಿ ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಶ್ ಕಂಪನಿಯ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ತಯಾರಿಕೆ ಅಗ್ಗ, ಪ್ರತಿಕ್ರಿಯೆ ಚುರುಕು. ಆದರೆ ಅಣುಗಳು ಪರದೆಯ ಆಳದ ದಿಕ್ಕಿನಲ್ಲಿ ಏಳುವುದರಿಂದ ನೇರವಾಗಿ ನೋಡಿದಾಗ ಮಾತ್ರ ಬಣ್ಣ ಸರಿಯಾಗಿ ಕಾಣುತ್ತದೆ. ಕೆಳಗಿನಿಂದ ಅಥವಾ ಮೇಲಿನಿಂದ ನೋಡಿದರೆ ಚಿತ್ರ ಕೆಡುತ್ತದೆ. ಈ ದೌರ್ಬಲ್ಯಕ್ಕೆ ಪರಿಹಾರವಾಗಿ ಜಪಾನಿನ ಹಿಟಾಚಿ ಕಂಪನಿ 1996ರಲ್ಲಿ ಐಪಿಎಸ್ ಪರದೆಯನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಅಣುಗಳು ಪರದೆಗೆ ಸಮಾನಾಂತರವಾಗಿಯೇ ಹೊರಳುತ್ತವೆ, ಹೀಗಾಗಿ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. 2013ರ ವೇಳೆಗೆ ಐಪಿಎಸ್ ಹೊಸತೇನೂ ಆಗಿರಲಿಲ್ಲ.

ಟೀಕೆಯ ಫಲ ಮರುವರ್ಷವೇ ಕಾಣಿಸಿತು. 2014ರ ಬ್ಲೇಡ್‌ಗೆ 3200×1800 ಪಿಕ್ಸೆಲ್‌ಗಳ ಐಪಿಎಸ್ ಸ್ಪರ್ಶಪರದೆ ಬಂತು. ಆರಂಭಿಕ ಬೆಲೆಯೂ ಸುಮಾರು 2,200 ಡಾಲರ್‌ಗೆ ಏರಿತು. ಚಿಪ್ ಕೂಡ ಬದಲಾಗಿದ್ದರಿಂದ ಈ ಏರಿಕೆಯೆಲ್ಲ ಪರದೆಯದೇ ಎನ್ನಲಾಗದು. ಈ ಹೊಸ ಸಂಖ್ಯೆ ಹಿಂದಿನದರ ಸರಿಯಾಗಿ ನಾಲ್ಕು ಪಟ್ಟು ಎಂಬುದು ಗಮನಾರ್ಹ. ಅಷ್ಟೂ ಪಿಕ್ಸೆಲ್‌ಗಳನ್ನು ಆಟದಲ್ಲಿ ತುಂಬುವುದು ಚಿಪ್‌ಗೆ ಭಾರವಾದಾಗ, 1600×900ರಲ್ಲೇ ಆಡಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದರಂತೆ ಬಳಸಬಹುದಿತ್ತು.

ಹಣ ಎಲ್ಲಿಗೆ ಹೋಗುತ್ತದೆ?

ಗೇಮಿಂಗ್ ಲ್ಯಾಪ್‌ಟಾಪ್‌ನ ಬೆಲೆಯ ದೊಡ್ಡ ಪಾಲನ್ನು ಗ್ರಾಫಿಕ್ಸ್ ಚಿಪ್, ಪ್ರೊಸೆಸರ್ ಹಾಗೂ ಅವುಗಳನ್ನು ತಣ್ಣಗಿಡುವ ವ್ಯವಸ್ಥೆ ನುಂಗುತ್ತವೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದೂ ಇವೇ. ಪರದೆಯ ವಿಷಯದಲ್ಲಿ ಅಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೇ ಅಂಕಿ: 144 ಹರ್ಟ್ಸ್, 165 ಹರ್ಟ್ಸ್ ಅಥವಾ 240 ಹರ್ಟ್ಸ್. ಸೆಕೆಂಡಿಗೆ ಚಿತ್ರ ಎಷ್ಟು ಬಾರಿ ಬದಲಾಗುತ್ತದೆ ಎಂಬುದರ ಲೆಕ್ಕವಿದು. ಬಣ್ಣದ ವ್ಯಾಪ್ತಿ, ಪ್ರಕಾಶ, ಪಿಕ್ಸೆಲ್‌ನ ನಿಜವಾದ ವೇಗ ಇವು ಸಣ್ಣಕ್ಷರಕ್ಕೆ ಸರಿಯುತ್ತವೆ ಅಥವಾ ಮಾಯವಾಗುತ್ತವೆ.

ಮಧ್ಯಮ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ '45% ಎನ್‌ಟಿಎಸ್‌ಸಿ' ಎಂಬ ನಮೂದು ಕಂಡರೆ ಎಚ್ಚರ ವಹಿಸುವುದು ಒಳಿತು. ಎನ್‌ಟಿಎಸ್‌ಸಿ ಎಂಬುದು 1953ರ ಅಮೆರಿಕದ ವರ್ಣ ದೂರದರ್ಶನದ ಮಾನದಂಡ. ಅದರ 45 ಶೇಕಡಾ ಎಂದರೆ, ಇಂದು ಕಂಪ್ಯೂಟರ್‌ಗಳಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಮಾನದಂಡದ ಸುಮಾರು ಮೂರನೇ ಎರಡರಷ್ಟು ಬಣ್ಣ ಮಾತ್ರ. ಇಂಥ ಪರದೆಯಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. '72% ಎನ್‌ಟಿಎಸ್‌ಸಿ' ಎಂದಿದ್ದರೆ ಅದು ಹೆಚ್ಚುಕಡಿಮೆ ಪೂರ್ಣ ಎಸ್‌ಆರ್‌ಜಿಬಿಗೆ ಸಮ. ಎರಡರ ಮೇಲೂ '144 ಹರ್ಟ್ಸ್ ಐಪಿಎಸ್' ಎಂಬ ಒಂದೇ ಚೀಟಿ ಅಂಟಿಕೊಂಡಿರಲು ಸಾಧ್ಯ.

ವೇಗದ ಅಂಕಿಯಲ್ಲೂ ಒಂದು ಸೂಕ್ಷ್ಮವಿದೆ. 144 ಹರ್ಟ್ಸ್‌ನಲ್ಲಿ ಒಂದು ಚಿತ್ರ ಪರದೆಯ ಮೇಲಿರುವುದು ಸುಮಾರು 7 ಮಿಲಿಸೆಕೆಂಡ್. ಪಿಕ್ಸೆಲ್ ತನ್ನ ಬಣ್ಣ ಬದಲಿಸಲು 15 ಮಿಲಿಸೆಕೆಂಡ್ ತೆಗೆದುಕೊಂಡರೆ ಹಳೆಯ ಚಿತ್ರ ಅಳಿಯುವ ಮೊದಲೇ ಹೊಸದು ಬಂದು ಕೂರುತ್ತದೆ. ಓಡುವ ಪಾತ್ರದ ಹಿಂದೆ ಕಾಣುವ ನೆರಳಿನ ಗುಟ್ಟು ಇದೇ. ಜಾಹೀರಾತಿನ '3 ಮಿಲಿಸೆಕೆಂಡ್' ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ಬದಲಾಗುವ ಅನುಕೂಲಕರ ಸಂದರ್ಭದ್ದಾಗಿರಬಹುದು. ಪಿಕ್ಸೆಲ್‌ಗೆ ಹೆಚ್ಚಿನ ಒತ್ತಡ ಕೊಟ್ಟು ಓಡಿಸುವ 'ಓವರ್‌ಡ್ರೈವ್' ಅತಿಯಾದರೆ ನೆರಳಿನ ಬದಲು ವಿರುದ್ಧ ಬಣ್ಣದ ಅಂಚು ಮೂಡುತ್ತದೆ.

ಒಂದೇ ಮಾದರಿ, ಬೇರೆ ಬೇರೆ ಪರದೆ:

ಲ್ಯಾಪ್‌ಟಾಪ್ ಕಂಪನಿಗಳು ಸಾಮಾನ್ಯವಾಗಿ ಪರದೆಯ ಫಲಕವನ್ನು ಸ್ವತಃ ತಯಾರಿಸುವುದಿಲ್ಲ. ತೈವಾನಿನ ಎಯು ಆಪ್ಟ್ರಾನಿಕ್ಸ್ ಮತ್ತು ಇನ್ನೊಲಕ್ಸ್, ಚೀನಾದ ಬಿಒಇ, ಕೊರಿಯಾದ ಎಲ್‌ಜಿ ಡಿಸ್‌ಪ್ಲೇ, ಜಪಾನಿನ ಶಾರ್ಪ್ ಮೊದಲಾದ ಕಂಪನಿಗಳಿಂದ ಕೊಳ್ಳುತ್ತವೆ. ಪೂರೈಕೆ ಸುಗಮವಾಗಿರಲೆಂದು ಒಂದೇ ಮಾದರಿಗೆ ಇಬ್ಬರು ಮೂವರಿಂದ ಫಲಕ ತರಿಸುವುದು ಈ ಉದ್ಯಮದ ವಾಡಿಕೆ. ಗೇಮಿಂಗ್ ವರ್ಗಕ್ಕೆ ಸೇರದಿದ್ದರೂ 2012ರ ಆಪಲ್ ಮ್ಯಾಕ್‌ಬುಕ್ ಪ್ರೊ ರೆಟಿನಾದ ಪ್ರಕರಣ ಇಲ್ಲಿ ಪ್ರಸ್ತುತ. ಅದರ ಫಲಕಗಳು ಎಲ್‌ಜಿ ಮತ್ತು ಸ್ಯಾಮ್‌ಸಂಗ್ ಎರಡರಿಂದಲೂ ಬರುತ್ತಿದ್ದವು. ಎಲ್‌ಜಿ ಫಲಕವಿದ್ದ ಯಂತ್ರಗಳಲ್ಲಿ ಹಿಂದಿನ ಚಿತ್ರದ ಛಾಯೆ ಉಳಿದುಕೊಳ್ಳುತ್ತದೆ ಎಂಬ ದೂರು ಎದ್ದು, 2013ರಲ್ಲಿ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಒಂದೇ ಬೆಲೆ ತೆತ್ತ ಇಬ್ಬರಿಗೆ ಒಂದೇ ವಸ್ತು ಸಿಕ್ಕಿರಲಿಲ್ಲ ಎಂಬುದು ಗ್ರಾಹಕರ ವಾದದ ತಿರುಳಾಗಿತ್ತು.

ತನ್ನ ಯಂತ್ರದಲ್ಲಿ ಯಾರ ಫಲಕವಿದೆ ಎಂಬುದನ್ನು ಗ್ರಾಹಕ ತಿಳಿಯಬಹುದು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್‌ನ ಹಾರ್ಡ್‌ವೇರ್ ಐಡಿ ನೋಡಿದರೆ ಎಯುಒ, ಬಿಒಇ, ಎಲ್‌ಜಿಡಿ, ಸಿಎಂಎನ್, ಎಸ್‌ಎಚ್‌ಪಿ ಎಂಬಂಥ ಮೂರಕ್ಷರದ ಸಂಕೇತ ಕಾಣಸಿಗುತ್ತದೆ. ಮುಂದಿನ ಅಂಕಿಗಳು ಫಲಕದ ಮಾದರಿಯನ್ನು ಸೂಚಿಸುತ್ತವೆ.

ಮೇಜಿನ ಕಂಪ್ಯೂಟರ್‌ನಲ್ಲಾದರೆ ಮಾನಿಟರ್ ಹಿಡಿಸದಿದ್ದಾಗ ಬೇರೊಂದನ್ನು ತರಬಹುದು. ಲ್ಯಾಪ್‌ಟಾಪ್‌ನಲ್ಲಿ ಆ ಸ್ವಾತಂತ್ರ್ಯ ಕಡಿಮೆ. 60 ಹರ್ಟ್ಸ್ ಫಲಕಗಳಿಗೆ ಸಾಮಾನ್ಯವಾಗಿ 30 ಪಿನ್‌ಗಳ ಸಂಪರ್ಕ ಸಾಕು, ಹೆಚ್ಚು ವೇಗದವಕ್ಕೆ 40 ಪಿನ್‌ಗಳದು ಬೇಕು. ಕೇಬಲ್ ಹೊಂದದಿದ್ದರೆ ಹೊಸ ಫಲಕ ತಂದೂ ಪ್ರಯೋಜನವಿಲ್ಲ.

ಸೋರುವ ಬೆಳಕು, ಸತ್ತ ಚುಕ್ಕೆ:

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ತಡೆಯುವುದಷ್ಟೇ ಅದರ ಕೆಲಸ, ಆ ತಡೆ ಎಂದೂ ಪೂರ್ಣವಲ್ಲ. ಚೌಕಟ್ಟು ಫಲಕವನ್ನು ಎಲ್ಲಾದರೂ ಒತ್ತಿದರೆ ಆ ಜಾಗದಲ್ಲಿ ಬೆಳಕು ಸೋರುತ್ತದೆ. ಮುಚ್ಚಳ ತೆಳುವಾದಷ್ಟೂ ಈ ಅಪಾಯ ಹೆಚ್ಚು. ಇದರ ಜೊತೆಗೆ ಐಪಿಎಸ್ ಪರದೆಯ ಮೂಲೆಗಳಲ್ಲಿ ಸಹಜವಾಗಿಯೇ ಒಂದು ಮಂಕು ಹೊಳಪಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭ: ಕತ್ತಲ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ಹಾಕಿ, ತಲೆಯನ್ನು ಅತ್ತಿತ್ತ ಸರಿಸಿ ನೋಡಬೇಕು. ನೋಟದ ಕೋನದೊಡನೆ ಹೊಳಪೂ ಸರಿದರೆ ಅದು ಐಪಿಎಸ್‌ನ ಹುಟ್ಟುಗುಣ. ಅಲುಗಾಡದೆ ಅಂಚಿನಲ್ಲೇ ನಿಂತರೆ ಅದು ಸೋರಿಕೆ. ಮೊಬೈಲ್ ಕ್ಯಾಮೆರಾ ಕತ್ತಲಲ್ಲಿ ತಾನಾಗಿಯೇ ಬೆಳಕನ್ನು ಹೆಚ್ಚಿಸಿಕೊಳ್ಳುವುದರಿಂದ ಫೋಟೋದಲ್ಲಿ ಸೋರಿಕೆ ಇರುವುದಕ್ಕಿಂತ ಭೀಕರವಾಗಿ ಕಾಣುತ್ತದೆ. ಸೇವಾ ಕೇಂದ್ರದವರು ಇಂಥ ಫೋಟೋವನ್ನು ಒಪ್ಪದಿರಲು ಇದೂ ಒಂದು ಕಾರಣ.

ಸತ್ತ ಪಿಕ್ಸೆಲ್‌ನ ವಿಚಾರದಲ್ಲಿ ಮಿತಿ ಎಂಬುದು ಅಂಕಿಗಳಲ್ಲೇ ಇದೆ. 2001ರ ಐಎಸ್‌ಒ 13406-2 ಎಂಬ ಅಂತಾರಾಷ್ಟ್ರೀಯ ಮಾನದಂಡ ಪರದೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತ್ತು. ಒಂದನೇ ದರ್ಜೆಯಲ್ಲಿ ಒಂದು ದೋಷಕ್ಕೂ ಅವಕಾಶವಿಲ್ಲ. ಎರಡನೇ ದರ್ಜೆಯಲ್ಲಿ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ 2, ಸದಾ ಕಪ್ಪಾಗಿರುವ 2, ಜೊತೆಗೆ ಕೆಂಪು, ಹಸಿರು, ನೀಲಿ ಉಪಪಿಕ್ಸೆಲ್‌ಗಳಲ್ಲಿ 5 ದೋಷಗಳಿಗೆ ಅವಕಾಶವಿತ್ತು. ಅನೇಕ ಕಂಪನಿಗಳು ಆತುಕೊಂಡದ್ದು ಈ ಎರಡನೇ ದರ್ಜೆಗೇ. 2008ರಲ್ಲಿ ಐಎಸ್‌ಒ 9241 ಸರಣಿಯ ಹೊಸ ಮಾನದಂಡ ಇದರ ಸ್ಥಾನಕ್ಕೆ ಬಂದರೂ ದರ್ಜೆಯ ಕಲ್ಪನೆ ಉಳಿಯಿತು. ಹಳೆಯ ಲೆಕ್ಕವನ್ನೇ ಇಂದಿನ 2560×1600 ಪರದೆಗೆ ಹಚ್ಚಿದರೆ, 40 ಲಕ್ಷ ಪಿಕ್ಸೆಲ್‌ಗಳಲ್ಲಿ 8 ಬೆಳಗುವ ಮತ್ತು 8 ಕಪ್ಪು ಚುಕ್ಕೆಗಳಿದ್ದರೂ ಪರದೆ 'ಮಿತಿಯೊಳಗೇ' ಇರುತ್ತದೆ! ಕಚೇರಿಯ ಮಾನಿಟರ್‌ಗಳನ್ನು ಗಮನದಲ್ಲಿಟ್ಟು ರೂಪಿಸಿದ ಅಳತೆಗೋಲನ್ನು ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ ಹಚ್ಚುವುದು ನ್ಯಾಯವೆನಿಸದು. ಕೆಲವು ಕಂಪನಿಗಳು ಒಂದೇ ಒಂದು ಬೆಳಗುವ ಚುಕ್ಕೆಗೂ ಪರದೆ ಬದಲಿಸಿಕೊಡುತ್ತವೆ. ಆ ನೀತಿಯನ್ನು ಖರೀದಿಗೆ ಮೊದಲೇ ಓದಿಕೊಳ್ಳಬೇಕು.

ಓಎಲ್‌ಇಡಿ ಪರದೆಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಸೋರಿಕೆಯ ಪ್ರಶ್ನೆಯೇ ಇಲ್ಲ. 2019ರಲ್ಲಿ ಡೆಲ್‌ನ ಏಲಿಯನ್‌ವೇರ್ ಎಂ15ರಂಥ ಲ್ಯಾಪ್‌ಟಾಪ್‌ಗಳಿಗೆ 60 ಹರ್ಟ್ಸ್ ಓಎಲ್‌ಇಡಿ ಬಂತು. 2022ರಲ್ಲಿ ರೇಜರ್ ಬ್ಲೇಡ್ 15ಕ್ಕೆ 240 ಹರ್ಟ್ಸ್‌ನದು ಬಂತು. ಆದರೆ ಇದಕ್ಕೆ ತನ್ನದೇ ಕಾಯಿಲೆಯುಂಟು. ಆಟದ ಅಂಕಪಟ್ಟಿ, ಮೂಲೆಯ ನಕ್ಷೆ, ವಿಂಡೋಸ್‌ನ ಟಾಸ್ಕ್‌ಬಾರ್ ಹೀಗೆ ಸದಾ ಒಂದೇ ಜಾಗದಲ್ಲಿ ಬೆಳಗುವ ಭಾಗಗಳು ಉಳಿದವಕ್ಕಿಂತ ಬೇಗ ಸವೆದು, ಶಾಶ್ವತ ಕಲೆ ಉಳಿಸಬಲ್ಲವು. ಈ ಕಲೆಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

ಕಾನೂನು ಏನೆನ್ನುತ್ತದೆ?

ಭಾರತದಲ್ಲಿ ಖರೀದಿಸಿದವರಿಗೆ 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಆಸರೆಯಾಗುತ್ತದೆ. ಸರಕಿನ 'ದೋಷ' ಎಂದರೇನು ಎಂಬುದನ್ನು ವಿವರಿಸುವಾಗ ಈ ಕಾಯ್ದೆ ಕಾನೂನು ಅಥವಾ ಕರಾರಿನ ಪ್ರಕಾರ ಇರಬೇಕಾದ ಗುಣಮಟ್ಟವನ್ನಷ್ಟೇ ಅಲ್ಲದೆ, ಮಾರಾಟಗಾರ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜಾಹೀರಾತಿನಲ್ಲಿ ಪೂರ್ಣ ಎಸ್‌ಆರ್‌ಜಿಬಿ, 300 ನಿಟ್ ಪ್ರಕಾಶ ಎಂದಿದ್ದು ಒಳಗೆ ಬೇರೆ ಫಲಕವಿದ್ದರೆ, ಪಿಕ್ಸೆಲ್ ಮಿತಿಯ ಮಾತು ಅಲ್ಲಿಗೆ ಒದಗದು. ಆದ್ದರಿಂದ ಬಿಲ್ಲಿನಷ್ಟೇ ಮುಖ್ಯವಾದುದು ಖರೀದಿಯ ದಿನ ಮಾರಾಟಗಾರ ಪ್ರಕಟಿಸಿದ್ದ ವಿವರಗಳ ಪ್ರತಿ. ಆ ವಿವರಗಳು ಮುಂದೆ ಬದಲಾಗಬಹುದು.

ದೂರನ್ನು ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಸಲ್ಲಿಸಬಹುದು. ಹುಬ್ಬಳ್ಳಿಯ ಗ್ರಾಹಕ ಆನ್‌ಲೈನ್‌ನಲ್ಲಿ ಕೊಂಡ ಲ್ಯಾಪ್‌ಟಾಪ್‌ಗಾಗಿ ಕಂಪನಿಯ ಕೇಂದ್ರ ಕಚೇರಿಯಿರುವ ಊರಿಗೆ ಅಲೆಯಬೇಕಿಲ್ಲ, ಧಾರವಾಡ ಜಿಲ್ಲಾ ಆಯೋಗ ಸಾಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಮಿತಿಯಿದೆ. ವಾಣಿಜ್ಯ ಉದ್ದೇಶದ ಖರೀದಿ ಮಾತ್ರ ಈ ಕಾಯ್ದೆಯ ಹೊರಗುಳಿಯುತ್ತದೆ. ತೆರಿಗೆ ಉಳಿಸಲು ಸಂಸ್ಥೆಯ ಹೆಸರಿನಲ್ಲಿ ಬಿಲ್ ಮಾಡಿಸಿಕೊಂಡವರು ಇಲ್ಲಿ ತೊಡಕಿಗೆ ಸಿಲುಕುವ ಸಂಭವವಿದೆ.

ಆಯೋಗದವರೆಗೆ ಹೋಗುವ ಅಗತ್ಯ ಬೀಳದಂತೆ ನೋಡಿಕೊಳ್ಳಲು ಇರುವ ಅವಧಿ ಚಿಕ್ಕದು. ಆನ್‌ಲೈನ್ ಮಳಿಗೆಗಳು ವಸ್ತು ಬದಲಿಸಿಕೊಡಲು ನೀಡುವುದು ಕೆಲವೇ ದಿನಗಳ ಗಡುವು. ಅದು ಮುಗಿದ ಮೇಲೆ ಉಳಿಯುವುದು ವಾರಂಟಿ ಮತ್ತು ದುರಸ್ತಿ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಈ ಐದು ಬಣ್ಣಗಳನ್ನು ಒಂದೊಂದಾಗಿ ಪರದೆ ತುಂಬ ಹರಡಿ ನೋಡಲು ಹತ್ತು ನಿಮಿಷ ಬೇಕಾಗಬಹುದು. ದೋಷ ಕಂಡುಬಂದರೆ ದೂರವಾಣಿಯಲ್ಲಿ ಹೇಳಿ ಸುಮ್ಮನಾಗದೆ ಬರಹದಲ್ಲಿ ದೂರು ಕೊಟ್ಟು, ಸೇವಾ ಕೇಂದ್ರದ ಜಾಬ್ ಶೀಟ್‌ನಲ್ಲಿ ದೋಷದ ವಿವರವನ್ನು ಬರೆಸಿಕೊಳ್ಳಬೇಕು. 'ಪರಿಶೀಲಿಸಲಾಗಿದೆ, ಸರಿಯಿದೆ' ಎಂದಷ್ಟೇ ಬರೆದ ಹಾಳೆಗೆ ಸಹಿ ಹಾಕುವ ಮುನ್ನ, ಯಾವ ಮಾನದಂಡದ ಪ್ರಕಾರ ಸರಿಯಿದೆ ಎಂಬುದನ್ನೂ ಅದರಲ್ಲೇ ನಮೂದಿಸುವಂತೆ ಕೇಳುವುದಕ್ಕೆ ಗ್ರಾಹಕನಿಗೆ ಯಾವ ಅಡ್ಡಿಯೂ ಇಲ್ಲ.